ಶೌಚವೂ ಶಿಕ್ಷೆಯೂ

ಮಿಂದು ಮಡಿಯುಟ್ಟು ಬರುವುದನ್ನು ನಮ್ಮ ಜನರು ಕೇವಲ ದೇಹದ ಕೆಲಸವೆಂದು ಎಂದೂ ಎಣಿಸಿದವರಲ್ಲ. ಶೀಲ, ಸಂಸ್ಕಾರ, ಮನೆತನದ ಮಾನ, ಇವೆಲ್ಲವೂ ಅದರೊಡನೆ ಹೆಣೆದುಕೊಂಡಿರುತ್ತವೆ. ಆದಕಾರಣವೇ ಸ್ನಾನಕ್ಕೆ ಒಲ್ಲದ ಮಗುವನ್ನು ಕಂಡರೆ ನಮಗೆ ಮೊದಲು ಬರುವುದು ಕೋಪ. ಹಲ್ಲುಜ್ಜದೆ, ತಲೆ ಬಾಚದೆ, ಒಂದೇ ಅಂಗಿಯನ್ನು ವಾರಗಟ್ಟಲೆ ತೊಟ್ಟಿರುವ ತರುಣನನ್ನು ಕಂಡರೆ ಬರುವುದು ಹೇಸಿಕೆ. ಬರಿಯ ಸೋಮಾರಿಗಳ ವಿಷಯದಲ್ಲಿ ಈ ಕೋಪವೂ ಹೇಸಿಕೆಯೂ ಸಲ್ಲಬಹುದೇನೋ. ಆದರೆ ಆಟಿಸಂ ಎಂದು ವೈದ್ಯರೂ, ಸ್ವಲೀನತೆ ಎಂದು ಸರಕಾರದ ಕಾಗದಪತ್ರಗಳೂ ಕರೆಯುವ ಸ್ಥಿತಿಯಲ್ಲಿ ಹುಟ್ಟಿದವರ ವಿಷಯದಲ್ಲಿ ಇವು ಎಷ್ಟು ಅನ್ಯಾಯವಾದುವೆಂಬುದನ್ನು ವಾಚಕರು ಸಾವಧಾನವಾಗಿ ವಿಚಾರಿಸಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಿಗೆ ಒಬ್ಬರಂತೆ ಈ ಸ್ಥಿತಿಯವರು ಇದ್ದರು. ಎಂದ ಮೇಲೆ ಇದು ಎಲ್ಲೋ ಒಂದು ದೂರದ ಮನೆಯ ಸಮಾಚಾರವೆಂದು ಯಾರೂ ಕೈತೊಳೆದುಕೊಳ್ಳುವಂತಿಲ್ಲ.

ವಿಷಯವು ಹೊಸದಾಗಿ ಕಂಡುಹಿಡಿದುದೇನೂ ಅಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯರಾದ ಲಿಯೊ ಕ್ಯಾನರ್ ಎಂಬವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಆಟಿಸಂ ಎಂಬುದು ಒಂದು ಪ್ರತ್ಯೇಕ ಸ್ಥಿತಿಯೆಂದು ಸಾರಿದರು. ಆ ಮಕ್ಕಳಲ್ಲಿ ಭೀತಿಯನ್ನು ಹುಟ್ಟಿಸುತ್ತಿದ್ದ ಪದಾರ್ಥಗಳ ಪಟ್ಟಿಯಲ್ಲಿ ಗಟ್ಟಿಯಾದ ಸದ್ದುಗಳು, ಯಂತ್ರಗಳು ಇವುಗಳ ಜೊತೆಗೆ ಹರಿಯುವ ನೀರೂ ಸೇರಿತ್ತು. ಮರು ವರ್ಷವೇ ವಿಯೆನ್ನಾ ನಗರದ ಹಾನ್ಸ್ ಆಸ್ಪರ್ಗರ್ ಎಂಬವರು ಇದಕ್ಕಿಂತಲೂ ಸ್ಪಷ್ಟವಾಗಿ ಬರೆದರು. ಹೊಸ ಅಂಗಿಯ ಒರಟು, ತೇಪೆ ಹಾಕಿದ ಕಾಲುಚೀಲದ ಗಂಟು, ಉಗುರು ತೆಗೆಯುವ ಕತ್ತರಿ, ಮುಖ ತೊಳೆಯುವ ನೀರು, ಇವು ತಮ್ಮ ಆರೈಕೆಯಲ್ಲಿದ್ದ ಬಾಲಕರಿಗೆ ಹೇಗೆ ಅಸಹ್ಯವಾಗುತ್ತಿದ್ದುವು, ಅದರಿಂದ ಎಂಥ ರಂಪಗಳಾಗುತ್ತಿದ್ದುವು ಎಂಬುದನ್ನು ಅವರು ಗುರುತಿಸಿದ್ದರು. ಇಷ್ಟು ಸೂಕ್ಷ್ಮವಾಗಿ ನೋಡಬಲ್ಲ ಆ ವೈದ್ಯರೇ, ನಾತ್ಸಿಗಳ ಆಳಿಕೆಯಲ್ಲಿ, ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಚಿಕಿತ್ಸಾಲಯಕ್ಕೆ ಕೆಲವು ಮಕ್ಕಳನ್ನು ಕಳುಹಿಸಿಕೊಟ್ಟರೆಂಬುದನ್ನು ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರರು 2018ರಲ್ಲಿ ದಾಖಲೆಗಳ ಸಹಿತ ಹೊರಗೆಡಹಿದ್ದಾರೆ. ನೋಡುವ ಕಣ್ಣು ಇದ್ದ ಮಾತ್ರಕ್ಕೆ ಕರುಣೆಯೂ ಇರುತ್ತದೆಂದು ಹೇಳಲಾಗದು.

ಅದು ಹೇಗಾದರೂ ಇರಲಿ. ಇಬ್ಬರು ಆದ್ಯ ಲೇಖಕರೂ ಕಂಡು ಬರೆದಿಟ್ಟ ಈ ಇಂದ್ರಿಯವೈಲಕ್ಷಣ್ಯವು ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಯಲ್ಲಿ ಆಟಿಸಂನ ಲಕ್ಷಣವೆಂದು ವಿಶದವಾಗಿ ಸ್ಥಾನ ಪಡೆದುದು 2013ರಲ್ಲಿ. 70 ವರ್ಷಗಳು! ಅಷ್ಟು ಕಾಲ ಎಷ್ಟು ದೇಶಗಳ ಎಷ್ಟು ಬಚ್ಚಲುಮನೆಗಳಲ್ಲಿ ಮಕ್ಕಳು ಪೆಟ್ಟು ತಿಂದರೆಂಬುದಕ್ಕೆ ಲೆಕ್ಕ ಇಟ್ಟವರಾರು?

ನಮ್ಮ ಮನೆಗಳ ಬಚ್ಚಲಿನೊಳಗೇ ಒಮ್ಮೆ ಹೊಕ್ಕು ನೋಡೋಣ. ನಾಲ್ಕು ಗೋಡೆಗಳೂ ನುಣುಪಾದ ಹಾಸುಬಿಲ್ಲೆಗಳಿಂದ ಮುಚ್ಚಿರುವ ಇಂದಿನ ಕೋಣೆಯಲ್ಲಿ, ಬಕೀಟಿಗೆ ನೀರು ಬೀಳುವ ಸದ್ದು ಪ್ರತಿಧ್ವನಿಸಿ ನಾಲ್ಕು ಪಾಲಾಗುತ್ತದೆ. ಬಟ್ಟೆ ಕಳಚಿದೊಡನೆ ಚಳಿ. ತಂಬಿಗೆಯ ನೀರು ಬಿದ್ದೊಡನೆ ಬಿಸಿ. ಮುಂದಿನ ತಂಬಿಗೆಯವರೆಗೆ ಮತ್ತೆ ಚಳಿ. ಷವರು ಇದ್ದರೆ ಒಂದೊಂದು ಹನಿಯೂ ಬೇರೆ ಬೇರೆ ಜಾಗದಲ್ಲಿ, ಯಾವ ಕ್ರಮವೂ ಇಲ್ಲದೆ ಬಡಿಯುತ್ತದೆ. ಸಾಬೂನಿನ ಪರಿಮಳವು ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ಕಣ್ಣಿಗೆ ಸೀಗೆಪುಡಿ, ಕಿವಿಗೆ ನೀರು, ಕೊನೆಗೆ ಬಿಸಿಲಿನಲ್ಲಿ ಒಣಗಿ ಮರದ ತೊಗಟೆಯಂತಾದ ಟವೆಲ್ಲು. ನಮಗೆ ಇವುಗಳಲ್ಲಿ ಒಂದೂ ಗಮನಕ್ಕೆ ಬಾರದು. ಏಕೆಂದರೆ ನಮ್ಮ ಮೆದುಳು ಇವನ್ನೆಲ್ಲ ಕ್ಷಣಾರ್ಧದಲ್ಲಿ ಹಳತೆಂದು ತಳ್ಳಿಹಾಕಿಬಿಡುತ್ತದೆ. ಆಟಿಸಂ ಇರುವ ಅನೇಕರಲ್ಲಿ ಈ ತಳ್ಳಿಹಾಕುವಿಕೆಯೇ ಸರಿಯಾಗಿ ನಡೆಯುವುದಿಲ್ಲ. ಹೀಗಿರಲು ನರಕಚತುರ್ದಶಿಯ ನಸುಕಿನಲ್ಲಿ ಮೈತುಂಬ ಎಣ್ಣೆ ಬಳಿದು, ನಾಲ್ಕು ಜನ ಹಿಡಿದು ನೀರು ಹೊಯ್ದರೆ ಅಂಥ ಮಗುವಿಗೆ ಅದು ಹಬ್ಬವಾಗಿ ತೋರುವುದೆಂತು?

“ಮೊದಮೊದಲು ಅಳುತ್ತದೆ, ರೂಢಿಯಾದರೆ ಸರಿಹೋಗುತ್ತದೆ” ಎಂಬುದು ನಮ್ಮ ಹಿರಿಯರೆಲ್ಲರ ವಾದ. ಈ ವಾದವನ್ನು ಸ್ವಲ್ಪ ಪರೀಕ್ಷಿಸುವುದು ಅವಶ್ಯವಾಗಿದೆ. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ಶಾಖೆಯ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮಕ್ಕಳಿಗೆ ಚುಚ್ಚುವ ಉಣ್ಣೆಯ ಬಟ್ಟೆಯ ಸ್ಪರ್ಶವನ್ನೂ ವಾಹನಸಂಚಾರದ ಗದ್ದಲವನ್ನೂ ಮೇಲಿಂದ ಮೇಲೆ ಉಣಿಸಿ, ಆ ವೇಳೆಯಲ್ಲಿ ಮೆದುಳಿನ ವ್ಯಾಪಾರವನ್ನು ಯಂತ್ರದ ಮೂಲಕ ನೋಡಲಾಯಿತು. ಆಟಿಸಂ ಇಲ್ಲದ ಮಕ್ಕಳಲ್ಲಿ ಮೆದುಳಿನ ಪ್ರತಿಕ್ರಿಯೆಯು ಬರಬರುತ್ತ ತಗ್ಗಿತು, ಎಂದರೆ ರೂಢಿಯಾಯಿತು. ಇಂದ್ರಿಯಗಳು ಅತಿತೀಕ್ಷ್ಣವಾಗಿದ್ದ ಆಟಿಸಂ ಮಕ್ಕಳಲ್ಲಿ, ಭಯವನ್ನು ನಿರ್ವಹಿಸುವ ಮೆದುಳಿನ ಭಾಗವೂ ಸ್ಪರ್ಶ ಶಬ್ದಗಳನ್ನು ಗ್ರಹಿಸುವ ಭಾಗಗಳೂ ಹಾಗೆ ತಗ್ಗಲಿಲ್ಲ. ಹಿರಿಯರ ವಾದವು ಯಾವ ಶಕ್ತಿಯನ್ನು ನಂಬಿ ನಿಂತಿದೆಯೋ ಆ ಶಕ್ತಿಯೇ ಈ ಮಕ್ಕಳಲ್ಲಿ ದುರ್ಬಲವಾಗಿರುತ್ತದೆ. ಹತ್ತನೆಯ ತಂಬಿಗೆಯೂ ಮೊದಲನೆಯ ತಂಬಿಗೆಯಷ್ಟೇ ಹೊಸದು. ಬಲಾತ್ಕಾರದಿಂದ ಅಲ್ಲಿ ರೂಢಿಯಾಗುವುದು ಭಯವೊಂದೇ.

ಮಾತನಾಡಲಾರದ ಮಗುವಿನ ಪರವಾಗಿ ಮಾತನಾಡಬಲ್ಲವರು ಹಿರಿಯರಾದ ಆಟಿಸಂ ವ್ಯಕ್ತಿಗಳೇ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರು ತಮ್ಮ ಬಾಲ್ಯದ ವಿಷಯವಾಗಿ ಬರೆಯುತ್ತ, ತಲೆ ತೊಳೆಯುವಾಗ ನೆತ್ತಿಗೆ ನಿಜವಾಗಿಯೂ ನೋವಾಗುತ್ತಿತ್ತೆಂದೂ, ಒರಟಾದ ಲಂಗವು ಮೈಯನ್ನು ಉಜ್ಜುಕಾಗದದಂತೆ ಕೆರೆಯುತ್ತಿತ್ತೆಂದೂ ತಿಳಿಸಿದ್ದಾರೆ. ಅದೇ ಮಹಿಳೆಯು, ದನಗಳನ್ನು ಎರಡು ಪಕ್ಕಗಳಿಂದ ಒತ್ತಿ ಹಿಡಿಯುವ ಕಟಕಟೆಯನ್ನು ನೋಡಿ, ತನ್ನ ಮೈಯನ್ನು ಬಿಗಿಯಾಗಿ ಒತ್ತುವ ಯಂತ್ರವೊಂದನ್ನು ತಾನೇ ತಯಾರಿಸಿಕೊಂಡು ಅದರಲ್ಲಿ ನೆಮ್ಮದಿ ಕಂಡರು. ಮೃದುವಾಗಿ ಸವರಿದರೆ ಸಹಿಸದ ದೇಹವು ಗಟ್ಟಿಯಾಗಿ ಒತ್ತಿದರೆ ಶಾಂತವಾಗುವುದು ವಿಚಿತ್ರವೆನಿಸಬಹುದು. ಆದರೆ ಅನೇಕ ತಾಯಂದಿರು ಇದನ್ನು ಯಾವ ಪುಸ್ತಕದ ಹಂಗಿಲ್ಲದೆ ಕಂಡುಕೊಂಡಿದ್ದಾರೆ. ಸಾಬೂನನ್ನು ಸವರಿದರೆ ಚೀರುವ ಮಗುವು ಅಂಗೈಯಿಂದ ಒತ್ತಿ ತಿಕ್ಕಿದರೆ ಸುಮ್ಮನೆ ಕುಳಿತುಕೊಳ್ಳುವುದುಂಟು.

ಇದಕ್ಕೆ ತೀರ ವಿರುದ್ಧವಾದ ಪ್ರಕೃತಿಯವರೂ ಇದ್ದಾರೆ. ಬೆವರಿನ ಅಂಟು, ಗಲ್ಲದ ಮೇಲಿನ ಅನ್ನದ ಅಗುಳು, ಒದ್ದೆಯಾದ ಚಡ್ಡಿ, ಇವು ಅವರ ಅರಿವಿಗೇ ಬರುವುದಿಲ್ಲ. ನೀರು ಕುದಿಯುವಷ್ಟು ಕಾದಿದ್ದರೂ ತಿಳಿಯದೆ ಸುಟ್ಟುಕೊಳ್ಳುವ ಅಪಾಯವೂ ಇದೆ. ಗೀಜರು ಇರುವ ಮನೆಯವರು ಇದನ್ನು ಮರೆಯಕೂಡದು. ಹೊಟ್ಟೆಯೊಳಗಿನ ಸೂಚನೆಗಳನ್ನು ಗ್ರಹಿಸುವ ಶಕ್ತಿಯು ಮಂದವಾಗಿದ್ದರೆ, ಮೂತ್ರಕ್ಕೆ ಹೋಗಬೇಕೆಂಬುದು ತಡೆಯಲಾರದಷ್ಟು ಒತ್ತಿದ ಮೇಲೆಯೇ ತಿಳಿಯುತ್ತದೆ. ಏಳೆಂಟು ವರ್ಷದ ಹುಡುಗನು ತರಗತಿಯಲ್ಲಿ ಒದ್ದೆ ಮಾಡಿಕೊಂಡನೆಂದು ನಗುವ ಗುರುಗಳು ಇದನ್ನು ತಿಳಿದುಕೊಂಡರೆ ಒಳ್ಳೆಯದು. ಒಂದೇ ವ್ಯಕ್ತಿಯಲ್ಲಿ ಕಿವಿಯು ಅತಿ ಚುರುಕಾಗಿದ್ದು ಚರ್ಮವು ಮಂದವಾಗಿರುವುದೂ ಸಾಮಾನ್ಯವೇ. ಆದಕಾರಣ ಆಟಿಸಂ ಇರುವವರು ಸ್ನಾನಕ್ಕೆ ಹೆದರುತ್ತಾರೆಂದು ಸಾರಾಸಗಟಾಗಿ ಹೇಳುವುದೂ ತಪ್ಪು. ದಿನಕ್ಕೆ ಮೂರು ಸಲ, ಅದೇ ಗಳಿಗೆಗೆ, ಅದೇ ಕ್ರಮದಲ್ಲಿ ಮೀಯದೆ ಇರಲಾರದವರೂ ಅವರಲ್ಲಿದ್ದಾರೆ. ನೀರಿನಿಂದ ಏಳಿಸುವುದೇ ಕಷ್ಟವಾಗುವ ಮಕ್ಕಳೂ ಇದ್ದಾರೆ.

ಪ್ರಾಯಕ್ಕೆ ಬಂದ ವಿದ್ಯಾವಂತರ ತೊಂದರೆಯು ಇನ್ನೊಂದು ಬಗೆಯದು. ಕಚೇರಿಯಲ್ಲಿ ಜಟಿಲವಾದ ಲೆಕ್ಕಗಳನ್ನು ಬಿಡಿಸುವವನು ಸ್ನಾನವನ್ನು ಆರಂಭಿಸಲಾರದೆ ಮಂಚದ ಮೇಲೆಯೇ ಕುಳಿತುಬಿಡುವುದುಂಟು. ಏಳುವುದು, ಬಟ್ಟೆ ಹುಡುಕುವುದು, ನೀರು ಹದ ಮಾಡುವುದು, ಒರೆಸಿಕೊಳ್ಳುವುದು ಹೀಗೆ ಹತ್ತಾರು ತುಂಡುಗಳಾಗಿರುವ ಕೆಲಸವನ್ನು ಒಂದರ ಹಿಂದೊಂದು ಹೊಂದಿಸುವುದೇ ಅವನಿಗೆ ಬಲು ಶ್ರಮ. ಜೊತೆಯವರು ಮೂಗು ಮುಚ್ಚಿಕೊಂಡು ಹಿಂದಿನಿಂದ ಆಡುವ ಮಾತುಗಳಿಂದ ಈ ಶ್ರಮವು ಕಿಂಚಿತ್ತೂ ಕಡಮೆಯಾಗದು. ನಾತದ ವಿಷಯವನ್ನು ಸೂಚ್ಯವಾಗಿ ಹೇಳಿದರೆ ಅಂಥವರಿಗೆ ತಿಳಿಯದೆಯೂ ಹೋಗಬಹುದು. ಏಕಾಂತದಲ್ಲಿ, ಗೌರವದಿಂದ, ನೇರವಾಗಿ ಹೇಳುವುದೇ ಉಪಕಾರ.

ಬಾಯಿಯ ಪ್ರಕರಣವು ಎಲ್ಲಕ್ಕಿಂತ ಕಠಿಣ. ನಮಗೆ ತಂಪೆನಿಸುವ ಪುದೀನದ ಪೇಸ್ಟು ಕೆಲವರ ನಾಲಗೆಗೆ ಮೆಣಸಿನ ಉರಿಯಾಗುತ್ತದೆ; ಬುರುಜು ಬುರುಜಾಗುವ ನೊರೆಯು ವಾಂತಿ ತರಿಸುತ್ತದೆ. ಬ್ರಷ್ಷು ತಳ್ಳಿಹಾಕಿದ ಮಗುವಿಗೆ ಹುಳುಕು ಹಲ್ಲಾಗುತ್ತದೆ; ಹುಳುಕಾದ ಮೇಲೆ ನಿಜವಾದ ನೋವು ಸೇರಿ ಬ್ರಷ್ಷು ಇನ್ನಷ್ಟು ಅಸಹ್ಯವಾಗುತ್ತದೆ. ನಿನ್ನೆಯವರೆಗೆ ಹಲ್ಲುಜ್ಜಿಸಿಕೊಂಡ ಮಗುವು ಇಂದು ಏಕಾಏಕಿ ಒಲ್ಲೆನೆಂದರೆ ಹಠವೆಂದು ಬಗೆಯದೆ ಮೊದಲು ಬಾಯನ್ನು ವೈದ್ಯರಿಗೆ ತೋರಿಸಬೇಕು. ದಂತವೈದ್ಯರ ಕೋಣೆಯೂ ಬದಲಾಗಬಲ್ಲದು. ಅಮೆರಿಕದಲ್ಲಿ 6ರಿಂದ 12 ವರ್ಷದ ಆಟಿಸಂ ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ದೀಪಗಳನ್ನು ಮಂದಗೊಳಿಸಿ, ಹಿತವಾದ ಸಂಗೀತವನ್ನಿಟ್ಟು, ಮೈಯನ್ನು ಒತ್ತಿ ಅಪ್ಪುವ ಹೊದಿಕೆಯನ್ನು ಹೊದಿಸಿ ಹಲ್ಲು ಶುದ್ಧಿ ಮಾಡಿದಾಗ ಮಕ್ಕಳ ದೇಹದ ಉದ್ವೇಗವೂ ಹೊರಗೆ ತೋರುವ ಸಂಕಟವೂ ಕಡಮೆಯಾದುದು ಕಂಡುಬಂದಿತು. ದೀಪ ತಗ್ಗಿಸುವುದಕ್ಕೆ ನಮ್ಮ ಊರಿನ ವೈದ್ಯರಿಗೆ ಯಾವ ಪರದೇಶದ ಯಂತ್ರವೂ ಬೇಕಾಗಿಲ್ಲ.

ಮನೆಯಲ್ಲಿ ಮಾಡಬಹುದಾದುದೂ ಇಷ್ಟೇ ಸರಳವಾದುದು. ಮಗುವು ಒಳಗೆ ಬರುವ ಮುನ್ನವೇ ಬಕೀಟು ತುಂಬಿಸಿಟ್ಟರೆ ಸದ್ದಿನ ಕಾಟ ತಪ್ಪುತ್ತದೆ. ತಲೆಗೆ ನೀರು ಹಾಕುವ ದಿನವನ್ನು ಮೊದಲೇ ತಿಳಿಸಿ, ಮಿಕ್ಕ ದಿನಗಳಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸಿದರೂ ನಡೆಯುತ್ತದೆ. ವಾಸನೆಯಿಲ್ಲದ ಸಾಬೂನು, ಸಪ್ಪೆಯ ಪೇಸ್ಟು, ಹಳೆಯ ಪಂಚೆಯ ಮೆತ್ತನೆಯ ಅರಿವೆ, ಸ್ನಾನವಾದ ಮೇಲೆ ಉಗುರು ತೆಗೆಯುವುದು, ಎಷ್ಟು ತಂಬಿಗೆಗೆ ಸ್ನಾನ ಮುಗಿಯುತ್ತದೆಂದು ಮೊದಲೇ ಎಣಿಸಿ ಹೇಳಿ ಆ ಮಾತಿಗೆ ತಪ್ಪದೆ ನಡೆಯುವುದು, ಇವುಗಳಲ್ಲಿ ಯಾವುದು ಯಾವ ಮಗುವಿಗೆ ಒಗ್ಗುತ್ತದೆಂಬುದನ್ನು ಮನೆಯವರೇ ನೋಡಿ ತಿಳಿಯಬೇಕು. ಆಕ್ಯುಪೇಷನಲ್ ಥೆರಪಿಯನ್ನು ಬಲ್ಲವರು ದೊರೆತರೆ ಅವರ ಸಹಾಯವು ಬಹಳ ಬೆಲೆಯುಳ್ಳದ್ದು. ಎಣಿಕೆಯ ಮಾತಿಗೆ ತಪ್ಪದಿರುವುದನ್ನು ನಾವು ವಿಶೇಷವಾಗಿ ಒತ್ತಿ ಹೇಳುತ್ತೇವೆ. ಹತ್ತು ಎಂದು ಹೇಳಿ ಹನ್ನೊಂದನೆಯದನ್ನು ಹೊಯ್ದವರನ್ನು ಮಗುವು ಬಹುಕಾಲ ನಂಬದು.

ಹೆಣ್ಣುಮಕ್ಕಳ ಸಂಗತಿಯನ್ನು ಸಂಕೋಚದಿಂದ ಬಿಟ್ಟುಬಿಡುವುದು ನ್ಯಾಯವಲ್ಲ. ಮುಟ್ಟಿನ ದಿನಗಳಲ್ಲಿ ಪ್ಯಾಡಿನ ಒರಟು, ಅಂಟು, ವಾಸನೆ ಇವೆಲ್ಲವನ್ನೂ ಸಹಿಸಲಾರದ ಹುಡುಗಿಯರಿದ್ದಾರೆ. ಮೆತ್ತನೆಯ ಬಟ್ಟೆ, ಮೊದಲೇ ಮಾಡಿಸುವ ಅಭ್ಯಾಸ, ಚಿತ್ರಗಳ ಮೂಲಕ ತಿಳಿವಳಿಕೆ ಇವುಗಳಿಂದ ಆಗಬಹುದಾದ ಕಾರ್ಯಕ್ಕೆ ನಮ್ಮ ಸಮಾಜವು ಕತ್ತಿಯನ್ನು ಹಿಡಿದುದೂ ಉಂಟು. 1994ರಲ್ಲಿ ಪುಣೆಯ ಸರಕಾರಿ ಆಸ್ಪತ್ರೆಯೊಂದರಲ್ಲಿ, ಶಿರೂರಿನ ಸರಕಾರಿ ನಿಲಯದಲ್ಲಿದ್ದ ಬುದ್ಧಿಮಾಂದ್ಯದ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ತೆಗೆದುಹಾಕಲಾಯಿತು. ಅವರಿಗೆ ಮುಟ್ಟಿನ ಶೌಚವನ್ನು ಪಾಲಿಸಿಕೊಳ್ಳಲು ಬಾರದೆಂಬುದೇ ಅದಕ್ಕೆ ಕೊಟ್ಟ ಕಾರಣ. ದೇಶದಲ್ಲೆಲ್ಲ ಪ್ರತಿಭಟನೆ ಎದ್ದಿತು. ಅವರ ವೈಕಲ್ಯವು ಬೇರೆಯಾಗಿದ್ದರೂ, ಶುಚಿತ್ವವೆಂಬ ಒಳ್ಳೆಯ ಮಾತನ್ನು ಮುಂದಿಟ್ಟುಕೊಂಡು ಬಲಹೀನರ ದೇಹದ ಮೇಲೆ ಏನನ್ನಾದರೂ ಮಾಡಬಹುದೆಂಬ ಮನೋಭಾವವು ಬಚ್ಚಲುಮನೆಯ ಬಲಾತ್ಕಾರದ ಹಿಂದೆ ಇರುವುದೇ.

ಕಾನೂನು ಈ ವಿಷಯದಲ್ಲಿ ನಮ್ಮ ಮನಸ್ಸುಗಳಿಗಿಂತ ಮುಂದೆ ಹೋಗಿದೆ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂಗೆ ಸ್ಥಳವೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಅದನ್ನು ಹೆಸರಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ತಾನು ಮನ್ನಿಸಿದ 21 ವೈಕಲ್ಯಗಳಲ್ಲಿ ಅದನ್ನು ಸೇರಿಸಿ, ಸರಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳೆಲ್ಲವೂ ವಿದ್ಯಾರ್ಥಿಯ ಅವಶ್ಯಕತೆಗೆ ತಕ್ಕ ಹೊಂದಾಣಿಕೆಗಳನ್ನು ಮಾಡಿಕೊಡಬೇಕೆಂದು ವಿಧಿಸಿತು. ಈ ಹೊಂದಾಣಿಕೆ ಎಂದೊಡನೆ ನಮ್ಮ ಅಧಿಕಾರಿಗಳ ಕಣ್ಣಿಗೆ ಮೆಟ್ಟಿಲಿನ ಪಕ್ಕದ ಇಳಿಜಾರೊಂದೇ ಕಾಣುತ್ತದೆ. ಗಾಲಿಕುರ್ಚಿಗೆ ಇಳಿಜಾರು ಹೇಗೋ ಹಾಗೆ, ಕತ್ತಿನ ಪಟ್ಟಿಯಿಲ್ಲದ ಹತ್ತಿಯ ಅಂಗಿಯೂ, ಗದ್ದಲವಿಲ್ಲದ ವೇಳೆಯಲ್ಲಿ ಶೌಚಾಲಯಕ್ಕೆ ಹೋಗುವ ಅನುಮತಿಯೂ ಆಟಿಸಂ ಇರುವ ಬಾಲಕನಿಗೆ ಹಕ್ಕಿನ ಹೊಂದಾಣಿಕೆಗಳೇ ಆಗಿವೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಉಗುರು, ತಲೆಗೂದಲು, ಟೈ, ಬೂಟು ಇವುಗಳ ತಪಾಸಣೆ ನಡೆಸಿ, ತಪ್ಪಿದವರನ್ನು ಹೊರಗೆ ನಿಲ್ಲಿಸುವ ಪದ್ಧತಿಯು ಅನೇಕ ಶಾಲೆಗಳಲ್ಲಿ ಉಳಿದಿದೆ. ಮಕ್ಕಳಿಗೆ ಪೆಟ್ಟನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಕಲಮು ನಿಷೇಧಿಸಿದೆಯೆಂಬುದನ್ನು ಆ ಶಾಲೆಗಳ ಆಡಳಿತವರ್ಗಕ್ಕೆ ನೆನಪಿಸಬೇಕಾಗಿದೆ.

ಶಿಕ್ಷಣ ಇಲಾಖೆಯಿಂದ ನಾವು ಅಪೇಕ್ಷಿಸುವುದು ಹೆಚ್ಚೇನಲ್ಲ. ಆಟಿಸಂ ಇರುವ ವಿದ್ಯಾರ್ಥಿಗಳಿಗೆ ಸಮವಸ್ತ್ರದ ಬಣ್ಣವೊಂದನ್ನು ಉಳಿಸಿಕೊಂಡು ಬಟ್ಟೆಯ ಜಾತಿ, ಹೊಲಿಗೆ, ಟೈ, ಕಾಲುಚೀಲ ಇವುಗಳಲ್ಲಿ ವಿನಾಯಿತಿ ಕೊಡತಕ್ಕದ್ದೆಂದೂ, ಉಗುರು ಕೂದಲುಗಳ ತಪಾಸಣೆಯಿಂದ ಅವರನ್ನು ಬಿಡತಕ್ಕದ್ದೆಂದೂ ಒಂದು ಸುತ್ತೋಲೆ ಹೊರಡಲಿ. ಪೋಷಕರು ಬೇಸಗೆಯ ರಜೆಯಲ್ಲಿಯೇ ಸಮವಸ್ತ್ರದ ಬಟ್ಟೆಯನ್ನು ಕೊಂಡು ದರ್ಜಿಗೆ ಕೊಡುತ್ತಾರೆ. ಆದುದರಿಂದ ಸುತ್ತೋಲೆಯು ಏಪ್ರಿಲ್ ತಿಂಗಳಿನಲ್ಲಿಯೇ ಶಾಲೆಗಳಿಗೆ ತಲುಪಬೇಕು.