ಕೇಂಬ್ರಿಜ್ಜಿನ ಗಣನ ಪ್ರಯೋಗಶಾಲೆ

ಯಂತ್ರವೊಂದನ್ನು ಕೋಣೆಯಲ್ಲಿರಿಸಿದ ಮಾತ್ರಕ್ಕೆ ಗಣನ ಪ್ರಯೋಗಶಾಲೆಯಾಗದೆಂಬುದಕ್ಕೆ ಕೇಂಬ್ರಿಜ್ ವಿಶ್ವವಿದ್ಯಾನಿಲಯವೇ ನಿದರ್ಶನವೆಂದು ನಾವು ಭಾವಿಸುತ್ತೇವೆ. 1937ರಲ್ಲಿ ಅಲ್ಲಿ ಸ್ಥಾಪಿತವಾದ ಗಣಿತ ಪ್ರಯೋಗಶಾಲೆಯಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ಸಂಗಡಿಗರು ನಿರ್ಮಿಸಿದ ಎಡ್ಸ್ಯಾಕ್ ಗಣಕಯಂತ್ರವು 1949ರ ಮೇ 6ರಂದು ವರ್ಗಸಂಖ್ಯೆಗಳ ಕೋಷ್ಟಕವನ್ನು ಮುದ್ರಿಸಿಕೊಟ್ಟಿತು. ಯಂತ್ರಕ್ಕಿಂತಲೂ ಹಿರಿದಾದುದು ಅಲ್ಲಿ ಕ್ರಮೇಣ ಬೆಳೆದ ಆದೇಶಗಳ ಭಂಡಾರ. ವರ್ಗಮೂಲ ಮೊದಲಾದುವನ್ನು ಗಣಿಸುವ ಆದೇಶಸರಣಿಗಳನ್ನು ಒಮ್ಮೆ ರಚಿಸಿ, ಪರೀಕ್ಷಿಸಿ, ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಕಾದಿರಿಸುತ್ತಿದ್ದರು; ಯಾವ ವಿಭಾಗದ ಸಂಶೋಧಕನೇ ಆಗಲಿ, ತನಗೆ ಬೇಕಾದುದನ್ನು ತನ್ನ ಪಟ್ಟಿಗೆ ನಕಲಿಸಿಕೊಳ್ಳಬಹುದಾಗಿತ್ತು. ಆದರೂ ತಪ್ಪುಗಳು ತಪ್ಪಲಿಲ್ಲ. ಉಳಿದ ಆಯುಷ್ಯದ ಬಹುಭಾಗವು ಸ್ವಂತ ಆದೇಶಗಳ ದೋಷಗಳನ್ನು ಹುಡುಕುವುದರಲ್ಲಿಯೇ ಕಳೆದೀತೆಂಬುದು ವಿಲ್ಕ್ಸ್ ಅವರಿಗೇ ಆ ವರ್ಷ ಹೊಳೆಯಿತಂತೆ! ಮಯೊಗ್ಲೋಬಿನ್ನಿನ ರಚನೆಯನ್ನು ಅರಸುತ್ತಿದ್ದ ಜಾನ್ ಕೆಂಡ್ರೂ ಅವರಿಗೂ, 1953ರಲ್ಲಿ ಆರಂಭವಾದ ಗಣನೆಯ ಡಿಪ್ಲೊಮಾ ತರಗತಿಯ ವಿದ್ಯಾರ್ಥಿಗಳಿಗೂ ಆಶ್ರಯವಾದುದು ಇದೇ ಪ್ರಯೋಗಶಾಲೆ.