ಶುಗರ್ ಎಷ್ಟಕ್ಕೆ ಇಳಿಸಬೇಕು?

2001ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಿಂದ ಬಂದ ಸುದ್ದಿ ಐಸಿಯು ವೈದ್ಯರನ್ನು ಬೆರಗುಗೊಳಿಸಿತು. ಗ್ರೀಟ್ ವಾನ್ ಡೆನ್ ಬರ್ಗ ಎಂಬ ವೈದ್ಯೆ 1,548 ರೋಗಿಗಳ ಮೇಲೆ ಪ್ರಯೋಗ ನಡೆಸಿದ್ದರು. ಹೆಚ್ಚಿನವರು ಹೃದಯದ ಆಪರೇಷನ್ ಆಗಿ ಬಂದವರು. ಅಷ್ಟು ದೊಡ್ಡ ಆಪರೇಷನ್ನಿನ ನಂತರ ಶುಗರ್ ಏರುವುದು ಸಹಜವೆಂದು 215 ದಾಟುವವರೆಗೂ ಇನ್ಸುಲಿನ್ ಕೊಡದ ಕಾಲ ಅದು. ಆಕೆ ಅರ್ಧದಷ್ಟು ರೋಗಿಗಳಿಗೆ ಇನ್ಸುಲಿನ್ ಹನಿಸುತ್ತಾ ಶುಗರನ್ನು 80–110ರೊಳಗೆ ಹಿಡಿದಿಟ್ಟರು. ಐಸಿಯುನಲ್ಲಿ ಸಾಯುವವರ ಪ್ರಮಾಣ ನೂರಕ್ಕೆ 8ರಿಂದ 4.6ಕ್ಕೆ ಇಳಿಯಿತು.

ಜಗತ್ತು ಅದೇ ದಾರಿ ಹಿಡಿಯತೊಡಗಿತು. ಸಿಡ್ನಿಯ ಸೈಮನ್ ಫಿನ್‌ಫರ್ ಮತ್ತು ಸಂಗಡಿಗರಿಗೆ ಮಾತ್ರ ಒಂದೇ ಆಸ್ಪತ್ರೆಯ ಫಲಿತಾಂಶ ಸಾಲಲಿಲ್ಲ. ಅಲ್ಲದೆ, ಅರಿವಳಿಕೆಯ ಮಂಪರಿನಲ್ಲಿ, ಗಂಟಲಲ್ಲಿ ನಳಿಕೆ ಇಟ್ಟುಕೊಂಡು ಮಲಗಿದವರಿಗೆ ಶುಗರ್ ಕುಸಿದರೆ ಹೇಳಿಕೊಳ್ಳುವ ಬಾಯೇ ಇರುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾದ ವೈದ್ಯರು ಕೈಜೋಡಿಸಿದರು. ಹೃದಯ ರೋಗಿಗಳಷ್ಟೇ ಅಲ್ಲ, ಐಸಿಯು ಸೇರಿದ ಎಲ್ಲ ಬಗೆಯ ರೋಗಿಗಳೂ ಸೇರಿ 6,104 ಮಂದಿ. 2004ರ ಕೊನೆಯಿಂದ ನಾಲ್ಕು ವರ್ಷ ದಾದಿಯರು ಹಗಲಿರುಳೂ ರಕ್ತ ತೆಗೆದು, ಅಂಕಿ ನೋಡಿ, ಇನ್ಸುಲಿನ್ ಏರಿಸಿ ಇಳಿಸಿದರು. ಈ ಕತೆಯ ಭಾರ ಹೊತ್ತವರು ಅವರೇ.

2009ರಲ್ಲಿ ಲೆಕ್ಕ ಹೊರಬಿತ್ತು. ಶುಗರನ್ನು ಬಿಗಿಯಾಗಿ ಹಿಡಿದ ಗುಂಪಿನಲ್ಲಿ 829 ಮಂದಿ ತೀರಿಕೊಂಡಿದ್ದರು. 180 ದಾಟದಂತೆ ಮಾತ್ರ ನೋಡಿಕೊಂಡ ಗುಂಪಿನಲ್ಲಿ 751! ಶುಗರ್ ತೀರಾ ಕುಸಿದವರು ಬಿಗಿ ಗುಂಪಿನಲ್ಲಿ ನೂರಕ್ಕೆ 6.8, ಇನ್ನೊಂದರಲ್ಲಿ 0.5. ಜೀವ ಉಳಿಸಲೆಂದು ಮಾಡಿದ್ದೇ ಜೀವಕ್ಕೆ ಎರವಾಗಿತ್ತು.

ಹಾಗಾದರೆ ಹತ್ತಾರು ವರ್ಷ ಸಕ್ಕರೆ ಕಾಯಿಲೆ ಹೊತ್ತವರಿಗೂ 180ರ ಗೆರೆಯೇ ಸರಿಯೆ? ಆ ಪ್ರಶ್ನೆಯನ್ನು ಅಡಿಲೇಡ್‌ನ ವೈದ್ಯರು ಬೆನ್ನುಹತ್ತಿದರು. ರಾಯಲ್ ಅಡಿಲೇಡ್ ಆಸ್ಪತ್ರೆಯಲ್ಲಿ ಮಾರ್ಕ್ ಪ್ಲಮರ್, ಆಡಮ್ ಡೀನ್ ಮತ್ತಿತರರು ಐಸಿಯುಗೆ ಬಂದ 1,000 ರೋಗಿಗಳ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್, ಅಳೆದರು. 2014ರಲ್ಲಿ ಸುಳಿವು ಸಿಕ್ಕಿತು: ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದವರಿಗೆ ಏರಿದ ಶುಗರ್ ಅಪಾಯ ತಂದಿತ್ತು, ಮೊದಲಿನಿಂದಲೂ ಹೆಚ್ಚಿದ್ದವರಲ್ಲಿ ಆ ನಂಟು ಸಡಿಲಾಗಿತ್ತು.

ಸುಳಿವನ್ನು ನಂಬಿ ಗೆರೆ ಸರಿಸಲು ಅವರು ಸಿದ್ಧರಿರಲಿಲ್ಲ. ಮತ್ತೆ ಪ್ರಯೋಗ, ಟೈಪ್ 2 ಮಧುಮೇಹದ 419 ರೋಗಿಗಳು. ಶುಗರನ್ನು 180–252ಕ್ಕೆ ಬಿಟ್ಟಾಗ ಲೋ ಶುಗರ್ ಆದವರು ನೂರಕ್ಕೆ 18ರಿಂದ 5ಕ್ಕೆ ಇಳಿದರು. ಆದರೆ 2022ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಸಾವು ಕಡಿಮೆಯಾಗಿರಲಿಲ್ಲ. ತುಸು ಹೆಚ್ಚೇ ಇತ್ತು, ಅದು ಆಕಸ್ಮಿಕವೂ ಇರಬಹುದಾದಷ್ಟು. ಗೆರೆ ಅಲ್ಲೇ ಉಳಿಯಿತು.

ಏರಿದರೂ ಇಳಿಸಿದರೂ ಅಪಾಯವೇಕೆ ಎಂಬುದಕ್ಕೆ ಕಾರಣ ದೇಹದಲ್ಲೇ ಇದೆ. ಹೃದಯದ ಆಪರೇಷನ್ನಿನ ಆಘಾತಕ್ಕೆ ಅಡ್ರಿನಲಿನ್, ಕಾರ್ಟಿಸಾಲ್ ಉಕ್ಕಿ ಯಕೃತ್ತು ಸಕ್ಕರೆ ಸುರಿಯುತ್ತದೆ. ಅತಿಯಾದರೆ ಬಿಳಿ ರಕ್ತಕಣಗಳು ಮಂಕಾಗಿ ಎದೆಯ ಗಾಯಕ್ಕೆ ಸೋಂಕು ತಗಲಬಹುದು. ಹೆಚ್ಚಿನ ಶುಗರ್‌ಗೆ ಒಗ್ಗಿದ ದೇಹಕ್ಕೆ ನಾರ್ಮಲ್ ಅಂಕಿಯೂ ಕುಸಿತದಂತೆ ಕಂಡು ಅದು ಇನ್ನಷ್ಟು ಅಡ್ರಿನಲಿನ್ ಹರಿಸುತ್ತದೆ. ಆಗಷ್ಟೇ ರಿಪೇರಿಯಾದ ಹೃದಯದ ಬಡಿತ ಅದರಿಂದ ಏರುತ್ತದೆ.