ಕಲಾ ವಿಭಾಗ ಸೇರಿದರೆ ಮುಂದೇನು?



ಪಿ.ಯು.ಸಿ. ಮುಗಿಯುವ ಹೊತ್ತಿಗೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಮುಂದೇನು?’ ಎಂಬುದು. ಕಲಾ ವಿಭಾಗದವರಿಗೆ ಈ ಪ್ರಶ್ನೆ ತುಸು ಹೆಚ್ಚೇ ಚುಚ್ಚುತ್ತದೆ. ‘ಬಿ.ಎ. ಓದಿ ಏನು ಮಾಡುತ್ತೀ?’ ಎಂದು ಕೇಳುವ ನೆಂಟರು ಎಲ್ಲ ಊರುಗಳಲ್ಲೂ ಇದ್ದಾರೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದಕ್ಕೆ ಉತ್ತರ ಹುಡುಕೋಣ.

ಮಾನವಿಕ ವಿಷಯಗಳು

ಇತಿಹಾಸ, ಸಾಹಿತ್ಯ, ಭಾಷೆ, ತತ್ತ್ವಶಾಸ್ತ್ರ ಮೊದಲಾದವುಗಳನ್ನು ಒಟ್ಟಾಗಿ ಮಾನವಿಕ ವಿಷಯಗಳು ಎನ್ನುತ್ತೇವೆ. ಇಲ್ಲಿ ಬೇಕಾದುದು ಬಾಯಿಪಾಠವಲ್ಲ. ಆಧಾರ ಹುಡುಕಿ, ತೂಗಿ ನೋಡಿ, ಅರ್ಥ ಹೇಳುವ ಅಭ್ಯಾಸ. ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿ ಇದೆ. ಜಾತ್ರೆಗೆ ಹೋಗುವವರು ಅಲ್ಲಿ ಭಕ್ತಿಯಿಂದ ಕೈಮುಗಿಯುತ್ತಾರೆ. ಇತಿಹಾಸದ ವಿದ್ಯಾರ್ಥಿ ಇನ್ನೊಂದು ಹೆಜ್ಜೆ ಮುಂದಿಡುತ್ತಾನೆ. ಕಲ್ಯಾಣದಿಂದ ಹೊರಟ ಶರಣರ ಬಗ್ಗೆ ಜನರ ಬಾಯಲ್ಲಿರುವುದೇನು, ಬರಹದಲ್ಲಿ ಉಳಿದಿರುವುದೇನು ಎಂದು ಕೇಳುತ್ತಾನೆ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಇಂತಹ ದುಡಿಮೆ ಇಲ್ಲದಿದ್ದರೆ ಇಂದು ನಾವು ಪಠ್ಯದಲ್ಲಿ ಓದುವ ಎಷ್ಟೋ ವಚನಗಳು ಮನೆಗಳ ಅಟ್ಟದಲ್ಲೇ ಉಳಿಯುತ್ತಿದ್ದವು.

ಭಾಷಾವಿಜ್ಞಾನ

ಭಾಷೆಯನ್ನು ಕಲಿಯುವುದು ಬೇರೆ, ಭಾಷೆಯ ಬಗ್ಗೆ ಕಲಿಯುವುದು ಬೇರೆ. ಎರಡನೆಯದೇ ಭಾಷಾವಿಜ್ಞಾನ. ‘ಹಾಲು’, ‘ಹಲ್ಲು’, ‘ಹುಲಿ’ ಎಂಬ ಪದಗಳನ್ನು ನೋಡಿ. ಹಳಗನ್ನಡದಲ್ಲಿ ಇವು ‘ಪಾಲ್’, ‘ಪಲ್’, ‘ಪುಲಿ’ ಆಗಿದ್ದವು. ತಮಿಳಿನಲ್ಲಿ ಇಂದಿಗೂ ಪಕಾರವೇ ಇದೆ. ಅಂದರೆ ಕನ್ನಡದಲ್ಲಿ ಪದದ ಮೊದಲ ಪಕಾರ ಹಕಾರವಾದುದು ಒಂದು ಕ್ರಮಕ್ಕೆ ಒಳಪಟ್ಟ ಬದಲಾವಣೆ. ಇಂತಹ ಕ್ರಮಗಳನ್ನು ಕಂಡುಹಿಡಿಯುವುದೇ ಈ ಶಾಸ್ತ್ರದ ಕೆಲಸ.

ನಿಮ್ಮ ನಾಲ್ಕು ತಾಲ್ಲೂಕುಗಳಂತೂ ಈ ಶಾಸ್ತ್ರಕ್ಕೆ ತೆರೆದಿಟ್ಟ ಪ್ರಯೋಗಶಾಲೆ. ಪುಸ್ತಕದ ‘ಇದೆ’ ಹಳಿಯಾಳದ ಕಡೆ ‘ಐತಿ’ ಆಗುತ್ತದೆ. ಘಟ್ಟ ಇಳಿದರೆ ‘ಉಂಟು’ ಎನ್ನುತ್ತಾರೆ. ಕನ್ನಡ ದ್ರಾವಿಡ ಭಾಷೆ. ಜೋಯಿಡಾದ ಕುಣಬಿಗಳು ಮತ್ತು ಆಫ್ರಿಕಾ ಮೂಲದ ಸಿದ್ದಿಗಳು ಆಡುವ ಕೊಂಕಣಿ, ಜೊತೆಗೆ ಮರಾಠಿ, ಉರ್ದು ಇವೆಲ್ಲ ಇಂಡೋ-ಆರ್ಯನ್ ಕುಟುಂಬದವು. 1966ರಲ್ಲಿ ಮುಂಡಗೋಡದ ಬಳಿ ನೆಲೆಸತೊಡಗಿದ ಟಿಬೆಟನ್ನರ ಮಾತು ಟಿಬೆಟೊ-ಬರ್ಮನ್ ಕುಟುಂಬದ್ದು. ಮುಂಡಗೋಡದ ಸಂತೆಯಲ್ಲಿ ಒಂದು ಗಂಟೆ ನಿಂತರೆ ಮೂರು ಭಾಷಾಕುಟುಂಬಗಳು ಕಿವಿಗೆ ಬೀಳುತ್ತವೆ.

ಆದರೆ ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಎಂದಾದಾಗ ಎಷ್ಟೋ ಮಕ್ಕಳು ಮನೆಮಾತನ್ನು ಆಡಲು ನಾಚುತ್ತಾರೆ. ಅಜ್ಜಿಗೆ ಗೊತ್ತಿದ್ದ ಕಾಡುಗೆಡ್ಡೆಯ ಹೆಸರು ಮೊಮ್ಮಗಳಿಗೆ ತಿಳಿಯದೆ ಹೋಗುತ್ತದೆ. ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು, ನಿಜ. ಆದರೂ ಕಾಡಿನ ಹಳ್ಳಿಗಳಲ್ಲಿರುವ ಅದರ ಬಗೆಬಗೆಯ ರೂಪಗಳನ್ನು ಬರೆದಿಡುವ ಕೆಲಸ ಬಹಳ ಉಳಿದಿದೆ. ಅದನ್ನು ಆ ಮಾತನ್ನು ಆಡುವ ಮನೆಯ ಮಕ್ಕಳಿಗಿಂತ ಚೆನ್ನಾಗಿ ಮಾಡಬಲ್ಲವರು ಯಾರು?

ಪತ್ರಿಕೋದ್ಯಮ ಮತ್ತು ಬರವಣಿಗೆ

ಪತ್ರಿಕೋದ್ಯಮದ ತರಗತಿಯಲ್ಲಿ ವರದಿ ಬರೆಯುವುದು, ತಿದ್ದುವುದು, ಸಂದರ್ಶನ ಮಾಡುವುದು, ಮಾಧ್ಯಮಕ್ಕೆ ಸಂಬಂಧಿಸಿದ ಕಾನೂನು ಇವನ್ನೆಲ್ಲ ಕಲಿಸುತ್ತಾರೆ. ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನಿಂದ ಹಳೆಯ ಸೂಪಾ ಊರೇ ಮುಳುಗಿತು. ಆ ವಿದ್ಯುತ್ತಿನಿಂದ ನಾಡಿಗೆ ಬೆಳಕು ಬಂತು ಎಂಬುದು ಒಂದು ಸತ್ಯ. ಮನೆಮಠ ಬಿಟ್ಟು ಹೊರಟವರ ಬದುಕು ಇನ್ನೊಂದು ಸತ್ಯ. 2007ರಲ್ಲಿ ಘೋಷಣೆಯಾದ ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ‘ಕಾಳಿ’ ಎಂಬ ಹೆಸರು ಬಂತು. ಅಲ್ಲಿಯೂ ಕಾಡಿನ ಹಿತ, ಕಾಡಿನ ಅಂಚಿನವರ ಹಿತ ಎರಡನ್ನೂ ಕೇಳಬೇಕು. ದಾಖಲೆ ಓದಿ, ಎರಡೂ ಕಡೆಯವರ ಮಾತು ಕೇಳಿ, ನಾಲ್ಕು ಜನಕ್ಕೆ ತಿಳಿಯುವಂತೆ ಬರೆಯುವವನೇ ಒಳ್ಳೆಯ ವರದಿಗಾರ.

ಬರವಣಿಗೆ ಎಂದರೆ ಕಥೆ, ಕವನ ಮಾತ್ರವಲ್ಲ. ಅನುವಾದ, ಪಠ್ಯಪುಸ್ತಕ ರಚನೆ, ಆಕಾಶವಾಣಿ-ದೂರದರ್ಶನಗಳ ಸಾಹಿತ್ಯ, ಪ್ರಕಾಶನ ಸಂಸ್ಥೆಗಳ ಸಂಪಾದನೆ ಎಲ್ಲವೂ ಇದರಲ್ಲಿ ಸೇರುತ್ತವೆ. ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವ ವಿದ್ಯಾರ್ಥಿಯ ಕೈಯಲ್ಲಿ ಅನುವಾದದ ಅರ್ಧ ಬಂಡವಾಳ ಆಗಲೇ ಇದೆ.

ಎಲ್ಲಿ ಓದಬಹುದು?

ದಾಂಡೇಲಿಯ ಬಂಗೂರನಗರ ಕಾಲೇಜು, ಹಳಿಯಾಳ ಹಾಗೂ ಮುಂಡಗೋಡದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಿಮಗೆ ಹತ್ತಿರದವು. 2024-25ರಿಂದ ರಾಜ್ಯದಲ್ಲಿ ಬಿ.ಎ. ಮತ್ತೆ ಮೂರು ವರ್ಷದ ಪದವಿಯಾಗಿದೆ. ಮುಂದೆ ಎಂ.ಎ. ಓದಲು, 1949ರಲ್ಲಿ ಸ್ಥಾಪನೆಯಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಸಂಶೋಧನೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ (1991), ಜಾನಪದಕ್ಕೆ ಮುಂಡಗೋಡಕ್ಕೆ ನೆರೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ (2011) ಇವೆ. ಭಾಷಾವಿಜ್ಞಾನವನ್ನೇ ಆರಿಸಿಕೊಳ್ಳುವವರು ಮೈಸೂರು ವಿಶ್ವವಿದ್ಯಾಲಯ ಹಾಗೂ ಪುಣೆಯ ಡೆಕ್ಕನ್ ಕಾಲೇಜನ್ನು ವಿಚಾರಿಸಬಹುದು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯೂ ಕೆಲಸ ಮಾಡುತ್ತಿದೆ. ಊರು ಬಿಡಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ದಾರಿಯಿದೆ. ಅರ್ಹತೆ, ಶುಲ್ಕ, ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನಗಳ ವಿವರವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಕೊನೆಗೆ ಉದ್ಯೋಗದ ಮಾತು. ಬರಿಯ ಬಿ.ಎ. ಪ್ರಮಾಣಪತ್ರ ಕೆಲಸ ಕೊಡಿಸುತ್ತದೆ ಎಂದರೆ ಸುಳ್ಳಾಗುತ್ತದೆ. ಪ್ರೌಢಶಾಲೆಯಲ್ಲಿ ಕಲಿಸಲು ಬಿ.ಎಡ್. ಬೇಕು, ಕಾಲೇಜಿಗೆ ಎಂ.ಎ. ಜೊತೆಗೆ ಎನ್.ಇ.ಟಿ. ಇಲ್ಲವೇ ಕೆ-ಸೆಟ್ ತೇರ್ಗಡೆ ಬೇಕು. ಪತ್ರಿಕೆಗಳು ನಿಮ್ಮ ಬರಹವನ್ನು ನೋಡಿಯೇ ಅಳೆಯುತ್ತವೆ. ಆಡಳಿತ ಸೇವೆಯ ಪರೀಕ್ಷೆಗಳನ್ನು ಯಾವ ಪದವೀಧರರೂ ಬರೆಯಬಹುದು. ಇತಿಹಾಸ, ಭಾಷೆಗಳ ಓದು ಅಲ್ಲಿ ನೇರವಾಗಿ ನೆರವಾಗುತ್ತದೆ.

ಆದ್ದರಿಂದ ಅಭ್ಯಾಸವನ್ನು ಇಂದೇ ಆರಂಭಿಸಿ. ಮನೆಯ ಹಿರಿಯರಿಂದ ಗಿಡ, ಹಕ್ಕಿ, ಅಡುಗೆ, ಬೇಸಾಯಕ್ಕೆ ಸಂಬಂಧಿಸಿದ ಇಪ್ಪತ್ತು ಪದ ಕೇಳಿ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಕನ್ನಡದಲ್ಲಿ ಅರ್ಥ ಬರೆಯಿರಿ. ಈ ಕೆಲಸ ನಿಮಗೆ ಬೇಸರ ತಾರದಿದ್ದರೆ, ‘ಮುಂದೇನು?’ ಎಂದು ಕೇಳುವ ನೆಂಟರಿಗೆ ನೀವು ಧೈರ್ಯವಾಗಿ ಉತ್ತರ ಹೇಳಬಹುದು.